ಕಾಸರಗೋಡಿನಿಂದ ದುಬೈಗೆ ಎಷ್ಟು ದೂರ, ಎಷ್ಟು ಹೊತ್ತು? – ಪದೇ ಪದೇ ಕೇಳುವ ಪ್ರಶ್ನೆಗಳು

ಕಾಸರಗೋಡು ಜಿಲ್ಲೆಗೆ ತನ್ನದೇ ವಿಮಾನ ನಿಲ್ದಾಣವಿಲ್ಲ. ಮಂಜೇಶ್ವರ, ಉಪ್ಪಳ, ಕುಂಬಳೆ, ಬದಿಯಡ್ಕದ ಕಡೆಯವರು ಮಂಗಳೂರು ವಿಮಾನ ನಿಲ್ದಾಣವಿರುವ ಬಜ್ಪೆಗೆ ಹೋಗುತ್ತಾರೆ. ಚಂದ್ರಗಿರಿ ಹೊಳೆ ದಾಟಿ ತೆಂಕಲಾಗಿ ಹೋದಂತೆ ಕಣ್ಣೂರಿನ ನಿಲ್ದಾಣ ಹತ್ತಿರವಾಗುತ್ತದೆ. ಈ ಎರಡು ಕಡೆಯಿಂದ ದುಬೈಗೆ, ಅಲ್ಲಿಂದ ಮುಂದಕ್ಕೆ ಹೋಗುವವರು ಕೇಳುವ ಪ್ರಶ್ನೆಗಳು ಇಲ್ಲಿವೆ.

ಮಂಗಳೂರಿನಿಂದ ದುಬೈಗೆ ವಿಮಾನದ ದೂರ ಎಷ್ಟು?

ಸುಮಾರು 2,460 ಕಿ.ಮೀ. ಇದು ಬಜ್ಪೆಯ ನಿಲ್ದಾಣದಿಂದ ದುಬೈ ಅಂತಾರಾಷ್ಟ್ರೀಯ ನಿಲ್ದಾಣಕ್ಕೆ ಭೂಗೋಳದ ಮೇಲೆ ದಾರ ಬಿಗಿಯಾಗಿ ಎಳೆದರೆ ಸಿಗುವ ಉದ್ದ. ದಿಕ್ಕು ವಾಯವ್ಯ. ಕರಾವಳಿ ಬಿಟ್ಟರೆ ಒಮಾನ್ ಕಾಣುವವರೆಗೆ ಕೆಳಗೆ ಅರಬ್ಬಿ ಸಮುದ್ರವೇ. ನೇರ ಗೆರೆ ಮಸ್ಕತ್ತಿನ ಹತ್ತಿರ ನೆಲ ಮುಟ್ಟಿ, ಒಮಾನಿನ ಬೋಳು ಗುಡ್ಡಗಳ ಮೇಲಿಂದ ದುಬೈ ಸೇರುತ್ತದೆ.

ಒಂದು ಕಡೆ 2,460, ಇನ್ನೊಂದು ಕಡೆ 1,529, ಮತ್ತೊಂದು ಕಡೆ 1,328 ಎಂದಿದೆ. ಯಾವುದು ಸರಿ?

ಮೂರೂ ಸರಿ. ಮೊದಲನೆಯದು ಕಿಲೋಮೀಟರು, ಎರಡನೆಯದು ಮೈಲಿ, ಮೂರನೆಯದು ನಾಟಿಕಲ್ ಮೈಲಿ. ಪೈಲಟ್‌ಗಳ ಲೆಕ್ಕವೆಲ್ಲ ನಾಟಿಕಲ್ ಮೈಲಿಯಲ್ಲಿ. ಒಂದು ನಾಟಿಕಲ್ ಮೈಲಿ ಎಂದರೆ 1,852 ಮೀಟರ್. ಐದೋ ಹತ್ತೋ ಕಿಲೋಮೀಟರಿನ ವ್ಯತ್ಯಾಸ ಕಂಡರೆ ತಲೆ ಕೆಡಿಸಿಕೊಳ್ಳಬೇಡಿ. ಕೆಲವರು ಭೂಮಿಯನ್ನು ಚೆಂಡಿನಂತೆ ಪೂರ್ತಿ ಗುಂಡಗಿದೆ ಎಂದು ಎಣಿಸುತ್ತಾರೆ, ಕೆಲವರು ಧ್ರುವಗಳ ಬಳಿ ಚಪ್ಪಟೆ ಇರುವುದನ್ನೂ ಲೆಕ್ಕಕ್ಕೆ ಹಿಡಿಯುತ್ತಾರೆ. ಕೆಲವು ಕಡೆ ನಿಲ್ದಾಣದ ಬದಲು ಪೇಟೆಯ ನಡುವಿನಿಂದ ಅಳೆದಿರುತ್ತಾರೆ.

ಈ ದೂರವನ್ನು ನಾವೇ ಲೆಕ್ಕ ಹಾಕಬಹುದೇ?

ಹಾಕಬಹುದು. ಮೊಬೈಲಿನ ಕ್ಯಾಲ್ಕುಲೇಟರನ್ನು ಅಡ್ಡ ಹಿಡಿದರೆ ಸೈನ್, ಕೊಸೈನ್ ಗುಂಡಿಗಳು ಬರುತ್ತವೆ. ಬೇಕಾದದ್ದು ಎರಡು ನಿಲ್ದಾಣಗಳ ಅಕ್ಷಾಂಶ, ರೇಖಾಂಶ. ಬಜ್ಪೆ 12.96 ಉತ್ತರ, 74.89 ಪೂರ್ವ. ದುಬೈ 25.25 ಉತ್ತರ, 55.36 ಪೂರ್ವ. ಎರಡೂ ಪೂರ್ವವಾದ್ದರಿಂದ ರೇಖಾಂಶ ಕಳೆಯಿರಿ: 19.53 ಡಿಗ್ರಿ.

ಮೊದಲು ಎರಡು ಅಕ್ಷಾಂಶಗಳ ಸೈನ್‌ಗಳನ್ನು ಗುಣಿಸಿ: 0.0957. ಆಮೇಲೆ ಎರಡು ಅಕ್ಷಾಂಶಗಳ ಕೊಸೈನ್‌ಗಳನ್ನೂ 19.53ರ ಕೊಸೈನನ್ನೂ ಗುಣಿಸಿ: 0.8307. ಎರಡನ್ನೂ ಕೂಡಿಸಿದರೆ 0.9264. ಇದರ ವಿಲೋಮ ಕೊಸೈನ್ 22.12 ಡಿಗ್ರಿ. ಭೂಮಿಯ ಮೇಲೆ ಒಂದು ಡಿಗ್ರಿ ಸುಮಾರು 111.2 ಕಿ.ಮೀ. ಗುಣಿಸಿ ನೋಡಿ, 2,460 ಬರುತ್ತದೆ.

ಉತ್ತರ ಅಸಂಬದ್ಧವಾಗಿ ಬಂದರೆ ಹತ್ತಕ್ಕೆ ಒಂಬತ್ತು ಸಲ ಕ್ಯಾಲ್ಕುಲೇಟರ್ ಡಿಗ್ರಿಯ ಬದಲು ರೇಡಿಯನ್‌ನಲ್ಲಿರುತ್ತದೆ. ಇನ್ನೊಂದು ತಪ್ಪು ಪಶ್ಚಿಮ ರೇಖಾಂಶದ ಊರುಗಳಲ್ಲಿ ಆಗುತ್ತದೆ. ಲಂಡನ್‌ನ ಹೀಥ್ರೂ 0.45 ಪಶ್ಚಿಮ, ಅದನ್ನು 74.89ರಿಂದ ಕಳೆಯುವುದಲ್ಲ, ಅದಕ್ಕೆ ಕೂಡಿಸಬೇಕು.

ವಿಮಾನ ನಿಜವಾಗಿ ಹಾರುವುದು ಇಷ್ಟೇ ದೂರವೇ?

ಇಲ್ಲ, ತುಸು ಹೆಚ್ಚು. ರನ್‌ವೇ ಯಾವ ದಿಕ್ಕಿಗಿದೆಯೋ ಆ ದಿಕ್ಕಿಗೆ ಏರಬೇಕು. ಬಜ್ಪೆಯ ಮುಖ್ಯ ರನ್‌ವೇ 06 ಮತ್ತು 24, ಅಂದರೆ ಸುಮಾರಾಗಿ ಈಶಾನ್ಯ–ನೈಋತ್ಯ. ಘಟ್ಟದ ದಿಕ್ಕಿಗೆ ಏರಿದರೆ ತಿರುಗಿ ಸಮುದ್ರದ ಕಡೆ ಬರಬೇಕು. ಮೇಲೆ ಹೋದ ಮೇಲೂ ವಾಯುಮಾರ್ಗಗಳು ನಿಗದಿಯಾದ ಬಿಂದುಗಳನ್ನು ಮುಟ್ಟಿಕೊಂಡು ಸಾಗುತ್ತವೆ. ದುಬೈ ಹತ್ತಿರವಾದಾಗ ಇಳಿಯುವ ಸಾಲಿನಲ್ಲಿ ನಿಲ್ಲಬೇಕು. ಗಾಳಿಯಲ್ಲಿ ನಿಲ್ಲುವುದೆಂದರೆ ಸುತ್ತು ಹೊಡೆಯುವುದೇ.

ಆಸನದ ಮುಂದಿನ ಪರದೆಯಲ್ಲೋ ಮೊಬೈಲಿನಲ್ಲೋ ದಾರಿ ಬಾಗಿದಂತೆ ಕಂಡರೆ ಅದು ಸುತ್ತುದಾರಿಯಲ್ಲ, ಚಪ್ಪಟೆ ನಕಾಶೆಯ ದೋಷ. ಮಂಗಳೂರು–ದುಬೈ ನಡುವೆ, ನಕಾಶೆಯಲ್ಲಿ ಸ್ಕೇಲ್ ಇಟ್ಟು ಎಳೆದ ಗೆರೆಗೂ ಭೂಗೋಳದ ಅತಿ ಹತ್ತಿರದ ದಾರಿಗೂ ಉದ್ದದಲ್ಲಿ ಇರುವ ವ್ಯತ್ಯಾಸ ಒಂದೆರಡು ಕಿಲೋಮೀಟರ್ ಮಾತ್ರ. ಬೆಂಗಳೂರು–ಲಂಡನ್ ನಡುವೆ ಅದೇ ವ್ಯತ್ಯಾಸ 200 ಕಿ.ಮೀ. ಮೀರುತ್ತದೆ.

ಹಾರಾಟಕ್ಕೆ ಎಷ್ಟು ಹೊತ್ತು ಬೇಕು?

ಮಂಗಳೂರಿನಿಂದ ದುಬೈಗೆ ಟಿಕೆಟ್ಟಿನ ಲೆಕ್ಕದಲ್ಲಿ ಸುಮಾರು 3 ಗಂಟೆ 40 ನಿಮಿಷ. ದುಬೈಯಿಂದ ಮಂಗಳೂರಿಗೆ ಸುಮಾರು 3 ಗಂಟೆ 20 ನಿಮಿಷ. ವೇಳಾಪಟ್ಟಿ ಬದಲಾದಂತೆ ಐದು ಹತ್ತು ನಿಮಿಷ ಆಚೀಚೆ ಆಗುತ್ತದೆ.

ಇದು ಆಕಾಶದಲ್ಲಿರುವ ಹೊತ್ತು ಮಾತ್ರವಲ್ಲ. ವಿಮಾನ ನಿಂತಲ್ಲಿಂದ ಕದಲಿದ ಕ್ಷಣದಿಂದ, ಇನ್ನೊಂದು ತುದಿಯಲ್ಲಿ ಚಕ್ರಕ್ಕೆ ಅಡ್ಡ ಕೊಡುವವರೆಗಿನ ಲೆಕ್ಕ. ದುಬೈಯಂಥ ದೊಡ್ಡ ನಿಲ್ದಾಣದಲ್ಲಿ ಇಳಿದ ಮೇಲೆ ನೆಲದ ಮೇಲೆಯೇ 10–20 ನಿಮಿಷ ಓಡುವುದುಂಟು. ಆದ್ದರಿಂದಲೇ ‘ಮೂರು ಗಂಟೆ ಹತ್ತು ನಿಮಿಷಕ್ಕೆ ಇಳಿದೆವು’ ಎನ್ನುವವರೂ ‘ಮೂರೂ ಮುಕ್ಕಾಲು ಗಂಟೆ ಆಯಿತು’ ಎನ್ನುವವರೂ ಇಬ್ಬರೂ ನಿಜವನ್ನೇ ಹೇಳುತ್ತಿರುತ್ತಾರೆ.

ಈ ದಾರಿಯಲ್ಲಿ ಓಡುವ ಬೋಯಿಂಗ್ 737, ಏರ್‌ಬಸ್ ಎ320 ಜಾತಿಯ ವಿಮಾನಗಳಿಗೆ ಒಂದು ಕೈಲೆಕ್ಕವಿದೆ: ಕಿಲೋಮೀಟರನ್ನು 800ರಿಂದ ಭಾಗಿಸಿ, ಬಂದ ಗಂಟೆಗೆ ಅರ್ಧ ಗಂಟೆ ಸೇರಿಸಿ. 2,460 ಭಾಗಿಸು 800 ಅಂದರೆ 3 ಗಂಟೆ 5 ನಿಮಿಷ. ಅರ್ಧ ಗಂಟೆ ಕೂಡಿದರೆ 3:35. ಎರಡರಿಂದ ನಾಲ್ಕು ಸಾವಿರ ಕಿಲೋಮೀಟರಿನ ಹಾರಾಟಗಳಿಗೆ ಇದು ಸಾಕು.

ಹೋಗುವಾಗ ಹೆಚ್ಚು, ಬರುವಾಗ ಕಡಿಮೆ. ಯಾಕೆ?

ಭೂಮಿ ತಿರುಗುವುದರಿಂದ ಎಂದು ಹಲವರು ಹೇಳುತ್ತಾರೆ. ಅದು ತಪ್ಪು, ಭೂಮಿಯೊಂದಿಗೆ ಗಾಳಿಯೂ ತಿರುಗುತ್ತದೆ, ವಿಮಾನ ಆ ಗಾಳಿಯೊಳಗೇ ಇದೆ. ಕಾರಣ ಮೇಲ್ಗಾಳಿ. 10–12 ಕಿ.ಮೀ. ಎತ್ತರದಲ್ಲಿ ಚಳಿಗಾಲದಲ್ಲಿ, ಮುಖ್ಯವಾಗಿ ಅರೇಬಿಯಾದ ಹತ್ತಿರ, ಪಶ್ಚಿಮದಿಂದ ಪೂರ್ವಕ್ಕೆ ಬಲವಾದ ಗಾಳಿ ಬೀಸುತ್ತದೆ. ಗಾಳಿಯೇ ಇಲ್ಲದಿದ್ದರೆ ಗಂಟೆಗೆ 830 ಕಿ.ಮೀ. ವೇಗದಲ್ಲಿ 2,460 ಕಿ.ಮೀ. ದಾಟಲು 2 ಗಂಟೆ 58 ನಿಮಿಷ ಸಾಕು. ಎದುರಿನಿಂದ ಗಂಟೆಗೆ 80 ಕಿ.ಮೀ. ಗಾಳಿ ಬಂದರೆ ನೆಲದ ಲೆಕ್ಕದ ವೇಗ 750ಕ್ಕೆ ಇಳಿದು 3 ಗಂಟೆ 17 ನಿಮಿಷ ಬೇಕಾಗುತ್ತದೆ. ಅದೇ ಗಾಳಿ ಬೆನ್ನಿಗೆ ಸಿಕ್ಕಿದರೆ 2 ಗಂಟೆ 42 ನಿಮಿಷ. 35 ನಿಮಿಷದ ಅಂತರ ಹೀಗೆ ಹುಟ್ಟುತ್ತದೆ.

ಮಳೆಗಾಲದ ಕತೆ ಬೇರೆ, ಅದೇ ಇದರಲ್ಲಿ ಸ್ವಾರಸ್ಯ. ಆಟಿ ತಿಂಗಳಲ್ಲಿ ನಮ್ಮ ಅಂಗಳಕ್ಕೆ ಗಾಳಿಮಳೆ ಬರುವುದು ಪಡುವಣ ಸಮುದ್ರದಿಂದ. ಆದರೆ ಅದೇ ದಿನ ಅದೇ ಊರಿನ ಮೇಲೆ, ಹತ್ತು ಹನ್ನೆರಡು ಕಿಲೋಮೀಟರು ಎತ್ತರದಲ್ಲಿ, ಗಾಳಿ ಮೂಡಣದಿಂದ ಪಡುವಣಕ್ಕೆ ಓಡುತ್ತಿರುತ್ತದೆ. ಹವಾಮಾನ ತಜ್ಞರು ಇದನ್ನು ಉಷ್ಣವಲಯದ ಪೂರ್ವದ ಜೆಟ್ ಪ್ರವಾಹ ಎನ್ನುತ್ತಾರೆ. 1950ರ ದಶಕದಲ್ಲಿ ಇದನ್ನು ವಿವರಿಸಿದವರು ಭಾರತದ ಹವಾಮಾನ ವಿಜ್ಞಾನಿ ಪಿ. ಕೋಟೇಶ್ವರಂ. ಹಾಗಾಗಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದುಬೈಗೆ ಹೋಗುವ ವಿಮಾನಕ್ಕೆ ಎದುರುಗಾಳಿಯ ಕಾಟ ಕಡಿಮೆ, ದಾರಿಯ ದಕ್ಷಿಣ ಭಾಗದಲ್ಲಿ ಬೆನ್ನುಗಾಳಿಯೂ ಸಿಗುತ್ತದೆ. ಮಳೆಗಾಲದಲ್ಲಿ ತಡವಾಗುವುದು ಆಕಾಶದ ನಡುವಿನಲ್ಲಲ್ಲ, ಬಜ್ಪೆಯ ಗುಡ್ಡದ ಮೇಲೆ.

ರಾತ್ರಿ 8ಕ್ಕೆ ಹೊರಟು 10:10ಕ್ಕೆ ತಲುಪುತ್ತದೆ ಎಂದು ಟಿಕೆಟ್ಟಿನಲ್ಲಿದೆ. ಎರಡೇ ಗಂಟೆಯ ದಾರಿಯೇ?

ಅಲ್ಲ. ಟಿಕೆಟ್ಟಿನಲ್ಲಿ ಹೊರಡುವ ಹೊತ್ತು ಹೊರಡುವ ಊರಿನದು, ತಲುಪುವ ಹೊತ್ತು ತಲುಪುವ ಊರಿನದು. ದುಬೈ ಗಡಿಯಾರ ನಮ್ಮದಕ್ಕಿಂತ ಒಂದೂವರೆ ಗಂಟೆ ಹಿಂದೆ. ರಾತ್ರಿ 8:00ಕ್ಕೆ 3:40 ಸೇರಿಸಿದರೆ ನಮ್ಮ ಲೆಕ್ಕದಲ್ಲಿ 11:40. ಅದರಿಂದ 1:30 ಕಳೆದರೆ ದುಬೈಯಲ್ಲಿ 10:10.

ಬರುವಾಗ ತಿರುಗುಮುರುಗು. ದುಬೈಯಿಂದ ರಾತ್ರಿ 11:30ಕ್ಕೆ ಹೊರಟರೆ 3:20 ಕೂಡಿಸಿ 2:50, ಮತ್ತೆ 1:30 ಕೂಡಿಸಿ ಮರುದಿನ ಬೆಳಗ್ಗಿನ 4:20. ಕರೆದುಕೊಂಡು ಬರಲು ಹೋಗುವವರು ‘ಮೂರು ಗಂಟೆಗೆ ಇಳಿಯುತ್ತಾನೆ’ ಎಂದುಕೊಂಡು ನಡುರಾತ್ರಿ ಮನೆ ಬಿಡಬೇಕಾಗಿಲ್ಲ.

ಅಬುಧಾಬಿ, ಶಾರ್ಜಾ, ಮಸ್ಕತ್‌ಗಳಿಗೂ ಒಂದೂವರೆ ಗಂಟೆಯ ವ್ಯತ್ಯಾಸ. ದೋಹಾ, ಬಹರೈನ್, ಕುವೈತ್, ಸೌದಿಗೆ ಎರಡೂವರೆ ಗಂಟೆ. ಈ ದೇಶಗಳಲ್ಲಿ ಬೇಸಿಗೆಗೆಂದು ಗಡಿಯಾರ ಮುಂದೂಡುವ ಪದ್ಧತಿಯಿಲ್ಲ, ವರ್ಷವಿಡೀ ಇದೇ ಲೆಕ್ಕ. ಲಂಡನ್ ಮಾತ್ರ ಬೇಸಿಗೆಯಲ್ಲಿ ನಾಲ್ಕೂವರೆ, ಚಳಿಗಾಲದಲ್ಲಿ ಐದೂವರೆ ಗಂಟೆ ಹಿಂದೆ.

15ನೇ ತಾರೀಕು 00:20 ಎಂದಿದೆ. ಯಾವ ರಾತ್ರಿ ಹೋಗಬೇಕು?

14ರ ರಾತ್ರಿ. ನಮ್ಮ ಪಂಚಾಂಗದ ದಿನ ಸೂರ್ಯೋದಯಕ್ಕೆ ಶುರು, ಟಿಕೆಟ್ಟಿನ ದಿನ ನಡುರಾತ್ರಿಗೆ ಶುರು. 15ರ ಹಗಲೆಲ್ಲ ಮನೆಯಲ್ಲಿ ಚೀಲ ಕಟ್ಟಿ ರಾತ್ರಿ ನಿಲ್ದಾಣಕ್ಕೆ ಹೋದರೆ ವಿಮಾನ ಹೋಗಿ ಒಂದು ದಿನವಾಗಿರುತ್ತದೆ. ಟಿಕೆಟ್ ಕೈಗೆ ಬಂದ ಕೂಡಲೇ ಅದರ ಮೇಲೆ ‘ಸೋಮವಾರ ಸಂಜೆ ಮನೆ ಬಿಡುವುದು’ ಎಂದು ವಾರದ ಹೆಸರಿನಲ್ಲಿ ಬರೆದಿಡುವುದು ಒಳ್ಳೆಯದು.

ಕಣ್ಣೂರಿನಿಂದ ಹೋದರೆ ದೂರ ಕಡಿಮೆಯೇ?

ಆಕಾಶದಲ್ಲಿ ಹೆಚ್ಚು. ಕಣ್ಣೂರು ನಿಲ್ದಾಣ ಇರುವುದು ಮಟ್ಟನ್ನೂರಿನಲ್ಲಿ, ಬಜ್ಪೆಗಿಂತ ಒಂದು ಡಿಗ್ರಿಯಷ್ಟು ದಕ್ಷಿಣಕ್ಕೆ. ಅಲ್ಲಿಂದ ದುಬೈಗೆ ಸುಮಾರು 2,590 ಕಿ.ಮೀ. 130 ಕಿಲೋಮೀಟರಿನ ಈ ವ್ಯತ್ಯಾಸ ವಿಮಾನಕ್ಕೆ ಹತ್ತು ನಿಮಿಷದ ಮಾತು.

ತೀರ್ಮಾನವಾಗಬೇಕಾದದ್ದು ನೆಲದ ಮೇಲೆ. ಕಾಸರಗೋಡು ಪೇಟೆಯಿಂದ ಬಜ್ಪೆ ಸುಮಾರು 65 ಕಿ.ಮೀ., ಮಟ್ಟನ್ನೂರು ಅದರ ಹೆಚ್ಚುಕಡಿಮೆ ಎರಡು ಪಾಲು. ಹೊಸದುರ್ಗ, ಅಂದರೆ ಕಾಞಂಗಾಡ್, ತಲುಪುವಷ್ಟರಲ್ಲಿ ಎರಡೂ ಸರಿಸಮ ಆಗುತ್ತವೆ. ನೀಲೇಶ್ವರದಿಂದ ಆಚೆಯವರಿಗೆ ಕಣ್ಣೂರೇ ಹತ್ತಿರ. ಆದರೆ ಹೊಸದುರ್ಗದಿಂದ ಈಚೆ ಇದ್ದರೂ ಟಿಕೆಟ್ ದರದಲ್ಲಿ ದೊಡ್ಡ ವ್ಯತ್ಯಾಸವಿದ್ದರೆ, ಇಳಿಯುವ ಹೊತ್ತು ಅನುಕೂಲವಾಗಿದ್ದರೆ, ಕಣ್ಣೂರನ್ನು ನೋಡಬಹುದು. ಕಾರಿನ ಬಾಡಿಗೆಯನ್ನು ಎರಡೂ ಕಡೆಗೆ ಸೇರಿಸಿ ಹೋಲಿಸಿ. ಬರೀ ಟಿಕೆಟ್ ಹೋಲಿಸಿದರೆ ಮೋಸ ಹೋಗುತ್ತೀರಿ.

ಮನೆ ಬಾಗಿಲಿನಿಂದ ಲೆಕ್ಕ ಹಾಕಿದರೆ ಒಟ್ಟು ಎಷ್ಟು ಹೊತ್ತು?

ಬದಿಯಡ್ಕದಿಂದ ದುಬೈಯ ಒಂದು ಮನೆಗೆ ಎಂದಿಟ್ಟುಕೊಳ್ಳಿ. ಬಜ್ಪೆಗೆ ಕಾರಿನಲ್ಲಿ ಎರಡೂವರೆ ಗಂಟೆ ಇಟ್ಟುಕೊಳ್ಳಬೇಕು. ಹೊರಡುವ ಮೂರು ಗಂಟೆ ಮೊದಲು ನಿಲ್ದಾಣದಲ್ಲಿರಬೇಕು. ಹಾರಾಟ 3:40. ದುಬೈಯಲ್ಲಿ ಪಾಸ್‌ಪೋರ್ಟ್ ತಪಾಸಣೆ, ಸಾಮಾನು ಎಂದು ಒಂದು ಗಂಟೆ. ಅಲ್ಲಿಂದ ಮನೆಗೆ ಮುಕ್ಕಾಲು ಗಂಟೆ. ಒಟ್ಟು 11 ಗಂಟೆಯ ಹತ್ತಿರ. ಅದರಲ್ಲಿ ವಿಮಾನದ ಪಾಲು ಮೂರರಲ್ಲಿ ಒಂದು. 20 ನಿಮಿಷ ಬೇಗ ಇಳಿಸುವ ವಿಮಾನ ಹುಡುಕುವುದಕ್ಕಿಂತ, ರಸ್ತೆಯ ಹೊತ್ತನ್ನು ಸರಿಯಾಗಿ ಎಣಿಸುವುದರಲ್ಲಿ ಲಾಭ ಹೆಚ್ಚು.

ರಸ್ತೆಯಲ್ಲಿ ಹೊತ್ತು ತಿನ್ನುವ ಜಾಗಗಳು ಗೊತ್ತಿದ್ದವೇ. ತಲಪಾಡಿಯ ಟೋಲ್, ತೊಕ್ಕೊಟ್ಟು, ನೇತ್ರಾವತಿ ಸೇತುವೆ ದಾಟಿದ ಮೇಲೆ ಪಂಪ್‌ವೆಲ್, ಆಮೇಲೆ ನಂತೂರು ವೃತ್ತ, ಕೆಪಿಟಿ. ಅಲ್ಲಿಂದ ಯೆಯ್ಯಾಡಿ, ಬೊಂದೇಲ್, ಮರವೂರು ಸೇತುವೆ. ಬೆಳಿಗ್ಗೆ 8:30ರಿಂದ 10, ಸಂಜೆ 5ರಿಂದ 8ರವರೆಗೆ ನಂತೂರು ದಾಟುವ ಹಾಗಿದ್ದರೆ ಅರ್ಧ ಗಂಟೆ ಹೆಚ್ಚು ಇಡಿ. ಕಾಸರಗೋಡು, ಕುಂಬಳೆಯಿಂದ ರೈಲಿನಲ್ಲಿ ಮಂಗಳೂರಿಗೆ ಸುಮಾರು ಒಂದು ಗಂಟೆ, ಸ್ಟೇಷನ್‌ನಿಂದ ಆಟೋ ಅಥವಾ ಟ್ಯಾಕ್ಸಿ. ಚೀಲ ಎರಡೇ ಇದ್ದರೆ ಇದು ಒಳ್ಳೆಯ ದಾರಿ. ಆದರೆ ತೆಂಕಣದಿಂದ ದೂರದ ರೈಲು ತಡವಾಗಿ ಬರುವುದು ಹೊಸತಲ್ಲ, ಬೇಕಾದ್ದಕ್ಕಿಂತ ಒಂದು ರೈಲು ಮೊದಲೇ ಹಿಡಿಯಿರಿ.

ಅಂತಾರಾಷ್ಟ್ರೀಯ ಹಾರಾಟಕ್ಕೆ ಕೌಂಟರ್ ಸಾಮಾನ್ಯವಾಗಿ 60ರಿಂದ 75 ನಿಮಿಷ ಮೊದಲು ಮುಚ್ಚುತ್ತದೆ. ಆಮೇಲೆ ವಿಮಾನ ಕಣ್ಣೆದುರೇ ನಿಂತಿದ್ದರೂ ಪ್ರಯೋಜನವಿಲ್ಲ. ಆನ್‌ಲೈನ್ ಚೆಕ್‌ಇನ್ ಮಾಡಿದ್ದರೂ ಸಾಮಾನು ಕೊಡಲು ಇದೇ ಗಡುವು.

ಮಳೆಗೆ ಬಜ್ಪೆಯಲ್ಲಿ ಇಳಿಯಲಾಗದಿದ್ದರೆ ಏನಾಗುತ್ತದೆ?

ಬಜ್ಪೆಯದು ಗುಡ್ಡದ ತಲೆ ಕಡಿದು ಮಾಡಿದ ಟೇಬಲ್‌ಟಾಪ್ ರನ್‌ವೇ, ತುದಿಗಳಾಚೆ ಕಣಿವೆ. ಮೋಡ ಕೆಳಗಿಳಿದು ರನ್‌ವೇ ಕಾಣದಿದ್ದರೆ ಪೈಲಟ್ ಇಳಿಸುವುದಿಲ್ಲ, ಇಳಿಸಲೂಬಾರದು. ಒಂದೆರಡು ಸುತ್ತು ಕಾಯುತ್ತಾರೆ, ಆಮೇಲೆ ಕಣ್ಣೂರು, ಕೊಚ್ಚಿ ಅಥವಾ ಬೆಂಗಳೂರಿಗೆ ತಿರುಗಿಸುತ್ತಾರೆ. ಎಷ್ಟು ಹೊತ್ತು ಕಾಯಬಹುದೆಂಬುದು ಇಂಧನದ ಲೆಕ್ಕ. ಬದಲಿ ನಿಲ್ದಾಣಕ್ಕೆ ಹೋಗುವಷ್ಟು, ಅಲ್ಲಿ ಇನ್ನೂ 30 ನಿಮಿಷ ಸುತ್ತುವಷ್ಟು ಇಂಧನ ಟ್ಯಾಂಕಿನಲ್ಲಿ ಉಳಿದಿರಲೇಬೇಕು. ಆ ಗೆರೆ ಮುಟ್ಟಿದ ಮೇಲೆ ಕಾಯುವ ಮಾತಿಲ್ಲ.

ಬೇರೆ ಕಡೆ ಇಳಿದ ಮೇಲೆ ಸಾಮಾನ್ಯವಾಗಿ ಪ್ರಯಾಣಿಕರನ್ನು ಒಳಗೇ ಕೂರಿಸಿ, ಇಂಧನ ತುಂಬಿಸಿ, ಮೋಡ ಸರಿದ ಮೇಲೆ ಮತ್ತೆ ಬಜ್ಪೆಗೆ ತರುತ್ತಾರೆ. ಎರಡರಿಂದ ಐದು ಗಂಟೆ ಹೋಗಬಹುದು. ಸಿಬ್ಬಂದಿಯ ಕರ್ತವ್ಯದ ಮಿತಿ ಮುಗಿದರೆ ಬೇರೆ ಸಿಬ್ಬಂದಿ ಬರಬೇಕು, ಆಗ ಇನ್ನೂ ತಡ. ‘ಕಣ್ಣೂರಿನಲ್ಲೇ ಇಳಿದರೆ ನನಗೆ ಹೊಸದುರ್ಗ ಹತ್ತಿರ’ ಎಂದು ಯಾರಿಗಾದರೂ ಅನಿಸೀತು. ಕಣ್ಣೂರಿನಲ್ಲಿ ಇಮಿಗ್ರೇಷನ್, ಕಸ್ಟಮ್ಸ್ ಎರಡೂ ಇವೆ ನಿಜ, ಆದರೆ ಇಳಿಸುವುದು ಬಿಡುವುದು ವಿಮಾನ ಕಂಪನಿಯ ಮತ್ತು ಅಧಿಕಾರಿಗಳ ತೀರ್ಮಾನ. ಒಬ್ಬರಿಗಾಗಿ ವಿಮಾನದ ಹೊಟ್ಟೆಯೊಳಗಿನ ಸಾಮಾನು ತೆಗೆಯುವುದು ಕಷ್ಟ. ವಿನಯದಿಂದ ಕೇಳಿ ನೋಡಬಹುದು, ನಂಬಿ ಕೂರಬಾರದು. ಕರೆದೊಯ್ಯಲು ಬಂದವರು ಕಾರು ತಿರುಗಿಸಿ ಕಣ್ಣೂರಿಗೆ ಓಡುವುದಂತೂ ಬೇಡವೇ ಬೇಡ.

ದುಬೈ ಕಡೆಯಿಂದ ಯಾವಾಗ ತಡವಾಗುತ್ತದೆ?

ಚಳಿಗಾಲದ ಬೆಳಗಿನ ಜಾವ ಮಂಜು ಕವಿಯುತ್ತದೆ. ಮರುಭೂಮಿಯಲ್ಲಿ ಮಂಜೇ ಎಂದು ನಗಬೇಡಿ, ಸಮುದ್ರದ ತೇವ ಮತ್ತು ರಾತ್ರಿಯ ತಂಪು ಸೇರಿದರೆ ಸಾಕು. ಮಳೆ ಅಪರೂಪ, ಆದರೆ ಬಂದಾಗ ದೊಡ್ಡದು: 2024ರ ಏಪ್ರಿಲ್ 16ರಂದು ರನ್‌ವೇ ಸುತ್ತ ನೀರು ನಿಂತು ಹಾರಾಟಗಳು ಅಸ್ತವ್ಯಸ್ತವಾದವು. 2025ರ ಜೂನ್ 23ರ ರಾತ್ರಿ ಕೊಲ್ಲಿಯ ಹಲವು ದೇಶಗಳು ವಾಯುಪ್ರದೇಶವನ್ನು ಕೆಲಹೊತ್ತು ಮುಚ್ಚಿದಾಗ ಹಾರುತ್ತಿದ್ದ ವಿಮಾನಗಳೂ ತಿರುಗಬೇಕಾಯಿತು.

ಪಾಕಿಸ್ತಾನದ ವಾಯುಪ್ರದೇಶ ಮುಚ್ಚಿದ್ದರಿಂದ ನಮ್ಮ ದಾರಿ ಉದ್ದವಾಗಿದೆಯೇ?

ಇಲ್ಲ. 2025ರ ಏಪ್ರಿಲ್‌ನಲ್ಲಿ ಮುಚ್ಚಿದ್ದು ದೆಹಲಿ, ಅಮೃತಸರದಂಥ ಉತ್ತರದ ಊರುಗಳಿಂದ ಪಶ್ಚಿಮಕ್ಕೆ ಹೋಗುವ ಭಾರತೀಯ ವಿಮಾನಗಳಿಗೆ ತೊಂದರೆ ಕೊಟ್ಟಿತು. ಮಂಗಳೂರು, ಕಣ್ಣೂರಿನ ವಿಮಾನಗಳು ಸಮುದ್ರದ ಮೇಲೆ ಮುಂಬೈ ನಿಯಂತ್ರಣದಿಂದ ನೇರ ಮಸ್ಕತ್ ನಿಯಂತ್ರಣಕ್ಕೆ ದಾಟುತ್ತವೆ.

ಗಲ್ಫಿನ ಬೇರೆ ಊರುಗಳಿಗೆ ಬಜ್ಪೆಯಿಂದ ಎಷ್ಟು ದೂರ?

ನೇರ ದೂರ ಹೇಳುವುದಾದರೆ ಮಸ್ಕತ್ 2,110 ಕಿ.ಮೀ., ಅಬುಧಾಬಿ 2,480, ದೋಹಾ 2,800, ದಮಾಮ್ 3,020, ಕುವೈತ್ 3,310, ಜಿದ್ದಾ ಸುಮಾರು 3,900. ಇವೆಲ್ಲಕ್ಕೂ ಮಂಗಳೂರಿನಿಂದ ನೇರ ವಿಮಾನ ಇದೆ ಎಂದರ್ಥವಲ್ಲ. ವೇಳಾಪಟ್ಟಿ ವರ್ಷಕ್ಕೆ ಎರಡು ಸಲ, ಮಾರ್ಚ್ ಮತ್ತು ಅಕ್ಟೋಬರ್ ಕೊನೆಗೆ, ಬದಲಾಗುತ್ತದೆ. ಹಿಂದಿನ ವರ್ಷ ಇದ್ದ ಹಾರಾಟ ಈ ವರ್ಷ ಇಲ್ಲದಿರಬಹುದು.

ದುಬೈಯಲ್ಲಿ ನಿಲ್ದಾಣ ಒಂದೇ ಅಲ್ಲವೇ?

ಎರಡು. ಡಿಎಕ್ಸ್‌ಬಿ ಎಂದರೆ ಊರೊಳಗಿನದು, ಡಿಡಬ್ಲ್ಯುಸಿ ಎಂದರೆ ಜೆಬೆಲ್ ಅಲಿ ಕಡೆಯ ಅಲ್ ಮಕ್ತೂಮ್ ನಿಲ್ದಾಣ; ನಡುವೆ ನೇರ ದೂರವೇ ಸುಮಾರು 45 ಕಿ.ಮೀ. ಎಸ್‌ಎಚ್‌ಜೆ ಎಂದರೆ ಶಾರ್ಜಾ, ಡಿಎಕ್ಸ್‌ಬಿಯಿಂದ 17–18 ಕಿ.ಮೀ. ಅಷ್ಟೇ. ದೇರಾ, ಅಲ್ ಕುಸೈಸ್ ಕಡೆ ಇರುವವರಿಗೆ ಶಾರ್ಜಾ ವಿಮಾನವೂ ಒಂದೇ, ದುಬೈ ವಿಮಾನವೂ ಒಂದೇ. ಸಂಜೆಯ ಟ್ರಾಫಿಕ್ ಒಂದನ್ನು ಮಾತ್ರ ನೋಡಿಕೊಳ್ಳಿ. ಊರಿನ ಕಡೆ ಬಜ್ಪೆಯ ಸಂಕೇತ ಐಎಕ್ಸ್‌ಇ, ಕಣ್ಣೂರಿನದು ಸಿಎನ್‌ಎನ್.

ಸಂಜೆ ಹೊರಟರೆ ಸೂರ್ಯ ಮುಳುಗುವುದು ತಡವಾಗುತ್ತದೆಯೇ?

ಹೌದು. ಸೂರ್ಯ ಗಂಟೆಗೆ 15 ಡಿಗ್ರಿ ಪಡುವಣಕ್ಕೆ ಸರಿದರೆ, ವಿಮಾನವೂ ಗಂಟೆಗೆ ಆರು ಡಿಗ್ರಿಯಷ್ಟು ಅದರ ಬೆನ್ನು ಹತ್ತಿರುತ್ತದೆ. ನೆಲದ ಮೇಲೆ ಒಂದು ಗಂಟೆಯಲ್ಲಿ ಮುಗಿಯುವ ಇಳಿಬಿಸಿಲು ಮೇಲೆ ಒಂದೂವರೆ ಗಂಟೆಗೂ ಮೀರಿ ಉಳಿಯುತ್ತದೆ. ಉಪವಾಸ ಹಿಡಿದವರು ರಂಜಾನಿನಲ್ಲಿ ಇದನ್ನು ಗಮನಿಸುತ್ತಾರೆ: ಮಂಗಳೂರಿನ ಹೊತ್ತು ನೋಡಿ ಕುಳಿತರೆ ಕಿಟಕಿಯಲ್ಲಿ ಸೂರ್ಯ ಇನ್ನೂ ಮೇಲೆಯೇ ಇರುತ್ತಾನೆ. ಬರುವಾಗ ಬೆಳಕು ಬೇಗ ಹರಿಯುತ್ತದೆ, ನಿದ್ದೆ ಅರ್ಧಕ್ಕೆ ಕೆಡುತ್ತದೆ.

ಲಂಡನ್ನಿಗೆ ಹೋಗಲು ದುಬೈ ಮೂಲಕ ಸುತ್ತಾಗುವುದಿಲ್ಲವೇ?

ದೂರದ ಲೆಕ್ಕದಲ್ಲಿ ಇಲ್ಲ. ಬಜ್ಪೆಯಿಂದ ಹೀಥ್ರೂಗೆ ನೇರ ಗೆರೆ ಎಳೆದರೆ ಸುಮಾರು 7,870 ಕಿ.ಮೀ. ದುಬೈ ಮೂಲಕ 2,460 ಮತ್ತು 5,500, ಒಟ್ಟು 7,960. ತೊಂಬತ್ತೇ ಕಿಲೋಮೀಟರ್ ಹೆಚ್ಚು. ಬೆಂಗಳೂರಿಗೆ ಹೋಗಿ ಅಲ್ಲಿಂದ ನೇರ ವಿಮಾನ ಹಿಡಿದರೆ 306 ಮತ್ತು 8,040, ಅಂದರೆ 8,350ರ ಹತ್ತಿರ. ಮೊದಲು ಪೂರ್ವಕ್ಕೆ ಹೋಗಿ ಮತ್ತೆ ಪಶ್ಚಿಮಕ್ಕೆ ತಿರುಗುವ ದಂಡ ಅದು.

ಹೊತ್ತಿನ ಲೆಕ್ಕದಲ್ಲಿ ಗೆಲ್ಲುವುದು ಸೋಲುವುದು ನಡುವಿನ ಕಾಯುವಿಕೆಯಲ್ಲಿ. ಎರಡೂ ಹಾರಾಟ ಒಂದೇ ಟಿಕೆಟ್ಟಿನಲ್ಲಿದ್ದರೆ ಸಾಮಾನು ನೇರ ಲಂಡನ್ನಿಗೆ ಹೋಗುತ್ತದೆ, ಮೊದಲನೆಯದು ತಡವಾದರೆ ಮುಂದಿನದರ ಹೊಣೆ ಕಂಪನಿಯದು. ಅಗ್ಗವೆಂದು ಎರಡು ಬೇರೆ ಟಿಕೆಟ್ ಕೊಂಡರೆ ದುಬೈಯಲ್ಲಿ ಸಾಮಾನು ತೆಗೆದುಕೊಂಡು ಹೊರಬಂದು ಮತ್ತೆ ಒಪ್ಪಿಸಬೇಕಾಗಬಹುದು. ಅದಕ್ಕೆ ಅಲ್ಲಿನ ವೀಸಾ ಬೇಕು. ಟರ್ಮಿನಲ್ ಬೇರೆಯಾದರೆ ರಸ್ತೆಯಲ್ಲಿ ಹೋಗಬೇಕು. ಹಾಗೆ ಹೋಗುವವರು ನಡುವೆ ಆರು ಗಂಟೆಗಿಂತ ಕಡಿಮೆ ಇಡಬೇಡಿ, ಮಳೆಗಾಲದಲ್ಲಿ ಬಜ್ಪೆಯಿಂದ ಹೊರಡುವುದಾದರೆ ಎಂಟು ಇಡಿ.